ಕಟ್ಟಿದ ಮೂಗು

ಯಾರ ಮನೆಗೆ ಕೂಸು ನೋಡಲು ಹೋದರೂ ನಮ್ಮಮ್ಮ ಮೊದಲು ನೋಡುವುದು ಮೂಗನ್ನು. ಮಿಕ್ಕವರು ಬಣ್ಣ ನೋಡುತ್ತಾರೆ, ತಲೆಗೂದಲು ನೋಡುತ್ತಾರೆ, ಅಪ್ಪನ ಹಣೆಯೋ ಅಜ್ಜಿಯ ಗಲ್ಲವೋ ಎಂದು ಚರ್ಚೆಗೆ ಇಳಿಯುತ್ತಾರೆ. ಅಮ್ಮ ಮಾತ್ರ ತೊಟ್ಟಿಲ ಮೇಲೆ ಬಾಗಿ, ಬೆರಳ ಹಿಂಬದಿಯನ್ನು ಕೂಸಿನ ಮೂಗಿನ ಹತ್ತಿರ ಹಿಡಿದು, ಎರಡೂ ಹೊಳ್ಳೆಯಿಂದ ಉಸಿರು ತಾಗುತ್ತದೆಯೇ ಎಂದು ನೋಡಿ, ಆಮೇಲೆ ಕೂತು ಕಾಫಿ ಕುಡಿಯುತ್ತಾಳೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ನಮ್ಮ ನೆಂಟರಿಷ್ಟರೆಲ್ಲ ಈ ನಾಲ್ಕು ಊರುಗಳಲ್ಲೇ ಹರಡಿಕೊಂಡಿದ್ದಾರೆ. ಎಷ್ಟೋ ಮನೆಗಳಲ್ಲಿ ಇದೊಂದು ತಮಾಷೆ. "ಮೂಗಜ್ಜಿ ಬಂತು" ಎಂದು ಮೊಮ್ಮಕ್ಕಳು ಕಿಸಕ್ಕೆಂದು ನಗುತ್ತವೆ. ನಾನೂ ನಕ್ಕಿದ್ದೇನೆ. ಅದರ ಹಿಂದೆ 1963ರ ಒಂದು ಸಾವಿದೆ ಎಂಬುದು ನನಗೆ ಗೊತ್ತಿತ್ತು. ಆ ಸಾವಿನ ಹಿಂದೆ ಏನಿದ್ದಿರಬಹುದು ಎಂಬುದು ಗೊತ್ತಾದದ್ದು ಮಾತ್ರ ನನಗೆ ನಲವತ್ತು ದಾಟಿದ ಮೇಲೆ.

ಆಗ ನನಗೆ ಆರು ವರ್ಷ. ನಮ್ಮ ಮನೆ ಅರಕಲಗೂಡು ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಅಮ್ಮನ ತವರು ಹೊಳೆನರಸೀಪುರ. ಮೂರನೆಯ ಬಸಿರಿನ ಎಂಟನೇ ತಿಂಗಳಲ್ಲಿ ಅಮ್ಮನ ಕಾಲು ಊದಿಕೊಂಡಿತು, ಮುಖ ಊದಿಕೊಂಡಿತು, ಬಳೆಗಳು ಕೈಗೆ ಕಚ್ಚಿಕೊಂಡವು. ಬಿಡದ ತಲೆನೋವು. ನಮ್ಮ ಕಡೆ ಇದಕ್ಕೆ ನಂಜು ಎನ್ನುತ್ತಾರೆ. ಬಸಿರಿನ ನಂಜು ಏರಿ ಕೈಕಾಲು ಸೆಟೆದುಕೊಂಡು ಸತ್ತ ಹೆಂಗಸರ ಕತೆಗಳು ಅಜ್ಜಿಯ ಹತ್ತಿರ ಬೇಕಾದಷ್ಟಿದ್ದವು. ಅವಳು ತಡಮಾಡದೆ ಮಗಳನ್ನು ಕರೆಸಿಕೊಂಡಳು. ಪೇಟೆಯ ಡಾಕ್ಟರು ಮನೆಗೇ ಬಂದರು. ಉದ್ದನೆಯ ಪೆಟ್ಟಿಗೆ ತೆರೆದು, ಅಮ್ಮನ ತೋಳಿಗೆ ಬಟ್ಟೆಯ ಪಟ್ಟಿ ಸುತ್ತಿ, ಬುರುಡೆ ಒತ್ತಿದಾಗ ಗಾಜಿನ ಕೊಳವೆಯಲ್ಲಿ ಪಾದರಸ ಮೇಲೇರಿದ್ದನ್ನು ನಾನು ಬಾಗಿಲ ಸಂದಿಯಿಂದ ನೋಡಿದೆ. ಒತ್ತಡ ಜಾಸ್ತಿಯಿದೆ, ಉಪ್ಪು ಬಿಡಿ, ಎಡಮಗ್ಗುಲಿಗೆ ಮಲಗಿರಿ ಎಂದು ಹೇಳಿ ಒಂದು ಚೀಟಿ ಬರೆದುಕೊಟ್ಟರು. ಬಿಳಿಯ ಪುಟ್ಟ ಮಾತ್ರೆ. ಹೆರಿಗೆಯ ದಿನದವರೆಗೂ ಅಮ್ಮ ಅದನ್ನು ತಪ್ಪದೆ ನುಂಗಿದಳು. ಊತ ಇಳಿಯಿತು, ತಲೆನೋವು ಹೋಯಿತು. ಡಾಕ್ಟರ ಕೈಗುಣವನ್ನು ಎಲ್ಲರೂ ಹೊಗಳಿದರು.

ಹುಟ್ಟಿದ್ದು ಗಂಡುಮಗು. ತೂಕಕ್ಕೇನೂ ಕಡಿಮೆಯಿರಲಿಲ್ಲವಂತೆ. ಆದರೆ ಮೊದಲ ದಿನವೇ ಮೂಗು ಕಟ್ಟಿತ್ತು. ಗೊರಗೊರ ಸದ್ದು, ಸದಾ ಮಂಪರು. ಎದೆಗೆ ಹಚ್ಚಿದರೆ ಎರಡು ಗುಟುಕು ಎಳೆಯುವಷ್ಟರಲ್ಲಿ ತುಟಿ ನೀಲಿಗಟ್ಟುತ್ತಿತ್ತು. ಬಿಡಿಸಿದರೆ ಅಳುತ್ತಿತ್ತು, ಅತ್ತರೆ ಮತ್ತೆ ಕೆಂಪಗಾಗುತ್ತಿತ್ತು. ಅಳುವಾಗ ಚೆನ್ನಾಗಿರುವ, ಸುಮ್ಮನಾದರೆ ಕೆಡುವ ಕೂಸನ್ನು ಅಜ್ಜಿ ಅದುವರೆಗೆ ಕಂಡಿರಲಿಲ್ಲ. ಬಜೆ ತೇಯ್ದು ಹಚ್ಚಿದಳು, ಸಾಂಬ್ರಾಣಿ ಹೊಗೆ ಹಿಡಿದಳು, ವೀಳ್ಯದೆಲೆ ಬಿಸಿ ಮಾಡಿ ನೆತ್ತಿಗಿಟ್ಟಳು, ಬಟ್ಟೆಯ ಬತ್ತಿ ಹೊಸೆದು ಮೂಗು ಸ್ವಚ್ಛ ಮಾಡಿದಳು. ಬತ್ತಿಗೆ ಏನೂ ಅಂಟಿಕೊಂಡು ಬರುತ್ತಿರಲಿಲ್ಲ, ಆದರೂ ಮೂಗು ಬಿಡುತ್ತಿರಲಿಲ್ಲ. ಮೂರನೆಯ ರಾತ್ರಿ ಮಗು ಅಳುವುದನ್ನು ನಿಲ್ಲಿಸಿತು.

ಆಮೇಲೆ ನೆಂಟರ ಪಂಚಾಯಿತಿ ಶುರುವಾಯಿತು. ಮೂಗು ಕಟ್ಟಿತ್ತು ಅಂದಮೇಲೆ ಶೀತ. ಶೀತ ಅಂದಮೇಲೆ ತಾಯಿಯ ಹೊಟ್ಟೆಯಿಂದ ಬಂದದ್ದು. ಬಸುರಿಯಲ್ಲಿ ರಾತ್ರಿ ಮೊಸರನ್ನ ಉಂಡಳು, ಹೇಮಾವತಿ ಹೊಳೆಯಲ್ಲಿ ತಲೆ ಮುಳುಗಿಸಿ ಮಿಂದಳು, ಹೇಳಿದ ಮಾತು ಕೇಳಲಿಲ್ಲ. ತೀರ್ಪಾಯಿತು. ಅಮ್ಮ ಒಂದು ಮಾತೂ ಆಡಲಿಲ್ಲ. ಅಂದಿನಿಂದ ಅವಳು ಮೊಸರು ಮುಟ್ಟಿದ್ದನ್ನು ನಾನು ಕಂಡಿಲ್ಲ. ಮನೆಯಲ್ಲಿ ಎಲ್ಲರಿಗೂ ಬಡಿಸಿ, ತಾನು ಸಾರನ್ನದಲ್ಲೇ ಊಟ ಮುಗಿಸುತ್ತಿದ್ದಳು.

1998ರಲ್ಲಿ ಅಜ್ಜಿಯ ಮನೆ ಪಾಲಾಯಿತು. ಅಜ್ಜಿಯ ಟ್ರಂಕಿನಲ್ಲಿ ಮಗು ಹುಟ್ಟಿದ ಗಳಿಗೆ ಬರೆದ ಕಾಗದದ ಜೊತೆಗೆ ಮಡಿಸಿಟ್ಟಿದ್ದ ಡಾಕ್ಟರ ಚೀಟಿ ಸಿಕ್ಕಿತು. ನಾನಾಗ ಹಾಸನದಲ್ಲಿ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತಿದ್ದೆ. ನನ್ನ ಜೊತೆ ಓದಿದ ಗೆಳತಿಯೊಬ್ಬಳು ಹೆರಿಗೆ ಡಾಕ್ಟರು. ಚೀಟಿ ತೋರಿಸಿದೆ. ಅವಳು ಕನ್ನಡಕ ಸರಿಮಾಡಿಕೊಂಡು ಓದಿದಳು: ರೆಸರ್ಪಿನ್, 0.25 ಮಿಲಿಗ್ರಾಂ. ಮಗುವಿಗೆ ಏನಾಗಿತ್ತು ಎಂದು ಕೇಳಿದಳು. ಹೇಳಿದೆ. ಅವಳು ತುಸು ಹೊತ್ತು ಸುಮ್ಮನಿದ್ದು, "ಮೂಗು ಕಟ್ಟಿತ್ತಾ?" ಎಂದು ಇನ್ನೊಂದು ಸಲ ಕೇಳಿದಳು.

ಈ ರೆಸರ್ಪಿನ್ ಬಂದದ್ದು ಎಲ್ಲಿಂದ ಗೊತ್ತೇ? ನಮ್ಮದೇ ಕಾಡಿನ ಒಂದು ಬೇರಿನಿಂದ. ಸರ್ಪಗಂಧ ಎಂಬ ಮೊಣಕಾಲೆತ್ತರದ ಗಿಡ, ಪಶ್ಚಿಮಘಟ್ಟದ ಮಳೆಕಾಡಿನ ಅಂಚಿನಲ್ಲಿ ಬೆಳೆಯುತ್ತದೆ. ಎಲೆಗಳು ಮೂರು ಮೂರಾಗಿ ಸುತ್ತುಗಟ್ಟಿರುತ್ತವೆ, ಕೆಂಪು ತೊಟ್ಟಿನ ತುದಿಯಲ್ಲಿ ಬಿಳಿ ಹೂಗೊಂಚಲು, ಮಾಗಿದರೆ ಕಪ್ಪಗಾಗುವ ಪುಟ್ಟ ಕಾಯಿ. ಬೇರು ವಿಪರೀತ ಕಹಿ. ಹಾವು ಕಡಿದವರಿಗೆ, ನಿದ್ದೆ ಬಾರದವರಿಗೆ, ಬುದ್ಧಿ ಕೆರಳಿದವರಿಗೆ ಇದನ್ನು ಕೊಡುವುದು ನಮ್ಮ ದೇಶದಲ್ಲಿ ಹಳೆಯ ರೂಢಿ. 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಇದು ಬುದ್ಧಿಭ್ರಮಣೆಯನ್ನಷ್ಟೇ ಅಲ್ಲ, ರಕ್ತದೊತ್ತಡವನ್ನೂ ಇಳಿಸುತ್ತದೆಂದು ಬರೆದರು. ಅದೇ ವರ್ಷ ದೆಹಲಿಯಲ್ಲಿ ಸಲೀಮುಜ್ಜಮಾನ್ ಸಿದ್ದೀಕಿಯವರು ಬೇರಿನಿಂದ ಕೆಲವು ಸಾರಗಳನ್ನು ಬೇರ್ಪಡಿಸಿ, ಒಂದಕ್ಕೆ ಹಕೀಂ ಅಜ್ಮಲ್ ಖಾನರ ನೆನಪಿಗೆ ಅಜ್ಮಲಿನ್ ಎಂದು ಹೆಸರಿಟ್ಟರು. ಹೊರಜಗತ್ತು ಕಿವಿಗೊಟ್ಟದ್ದು ಮಾತ್ರ 1949ರಲ್ಲಿ. ಬೊಂಬಾಯಿಯ ಹೃದಯತಜ್ಞ ಡಾ. ರುಸ್ತುಂ ಜಾಲ್ ವಕೀಲರು 50 ರೋಗಿಗಳಿಗೆ ಸರ್ಪಗಂಧ ಕೊಟ್ಟು ನೋಡಿ, ಫಲಿತಾಂಶವನ್ನು ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಪ್ರಕಟಿಸಿದರು. ಮೂರೇ ವರ್ಷದಲ್ಲಿ, 1952ರಲ್ಲಿ, ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದಲ್ಲಿ ಮ್ಯುಲ್ಲರ್, ಶ್ಲಿಟ್ಲರ್, ಬೈನ್ ಎಂಬ ಮೂವರು ಬೇರಿನ ಮುಖ್ಯ ಸಾರವನ್ನು ಶುದ್ಧರೂಪದಲ್ಲಿ ತೆಗೆದರು. ಅದೇ ರೆಸರ್ಪಿನ್. ನಮ್ಮ ಬೇರು ಅಲ್ಲಿಗೆ ಹೋಗಿ ಮಾತ್ರೆಯ ರೂಪದಲ್ಲಿ ನಮ್ಮಲ್ಲಿಗೇ ವಾಪಸು ಬಂತು.

ಅದಕ್ಕೆ ಮೊದಲು ಬಸಿರಿನ ನಂಜಿಗೆ ನೇರವಾದ ಔಷಧಿ ಅಂತ ಹೆಚ್ಚೇನೂ ಇರಲಿಲ್ಲ ಎಂಬುದನ್ನು ಮರೆಯಬಾರದು. ತೋಳಿಗೆ ಪಟ್ಟಿ ಕಟ್ಟಿ ಒತ್ತಡ ಅಳೆಯುವ ಉಪಾಯವನ್ನು ಇಟಲಿಯ ರಿವಾ ರೋಚಿ ಕಂಡುಹಿಡಿದದ್ದೇ 1896ರಲ್ಲಿ. ಕೊಳವೆ ಇಟ್ಟು ನಾಡಿಯ ಸದ್ದು ಕೇಳುವುದನ್ನು ರಷ್ಯದ ಕೊರೊಟ್ಕಾಫ್ ಸೇರಿಸಿದ್ದು 1905ರಲ್ಲಿ. ಅಳೆಯಲು ಬಂದ ಮೇಲೂ ಇಳಿಸಲು ಬರುತ್ತಿರಲಿಲ್ಲ. ಹಾಗಾಗಿ ರೆಸರ್ಪಿನ್ ಬಂದಾಗ ಹೆರಿಗೆ ಡಾಕ್ಟರುಗಳು ಅದನ್ನು ಎರಡೂ ಕೈ ಚಾಚಿ ತೆಗೆದುಕೊಂಡರು. ಅದರಲ್ಲಿ ತಪ್ಪು ಹುಡುಕುವುದು ನ್ಯಾಯವಲ್ಲ. ಸಾಯಬಹುದಾಗಿದ್ದ ತಾಯಂದಿರು ಉಳಿದರು. ನಮ್ಮಮ್ಮನೂ ಉಳಿದಳು.

ಆದರೆ ಮಾತ್ರೆ ತಾಯಿಯ ಹೊಟ್ಟೆಯಲ್ಲೇ ನಿಲ್ಲುವುದಿಲ್ಲ. ಮಾಸು ಒಂದು ಗೋಡೆ, ಅದು ಕೆಟ್ಟದ್ದನ್ನೆಲ್ಲ ತಡೆಯುತ್ತದೆ ಎಂದು ಆಗಿನ ಕಾಲದ ವೈದ್ಯರಲ್ಲಿ ಬಹಳ ಮಂದಿ ನಂಬಿದ್ದರು. ಅದು ಗೋಡೆಯಲ್ಲ, ಜರಡಿ. ರೆಸರ್ಪಿನ್ ನರಗಳ ತುದಿಯಲ್ಲಿರುವ, ರಕ್ತನಾಳಗಳನ್ನು ಬಿಗಿ ಹಿಡಿಯುವ ರಸವನ್ನು ಖಾಲಿ ಮಾಡುತ್ತದೆ. ನಾಳಗಳು ಸಡಿಲವಾಗುತ್ತವೆ, ಒತ್ತಡ ಇಳಿಯುತ್ತದೆ. ಮೂಗಿನ ಒಳಪದರದ ನಾಳಗಳೂ ಹಾಗೆಯೇ ಸಡಿಲಗೊಂಡು ಊದಿಕೊಳ್ಳುತ್ತವೆ. ದೊಡ್ಡವರಿಗಾದರೆ ಇದು ನೆಗಡಿಯಂಥ ಕಿರಿಕಿರಿ, ಬಾಯಿಂದ ಉಸಿರಾಡಿದರಾಯಿತು. ಹಸುಗೂಸಿಗೆ ಅದು ಬರುವುದಿಲ್ಲ. ಹುಟ್ಟಿದ ಮೊದಲ ವಾರಗಳಲ್ಲಿ ಕೂಸು ಉಸಿರಾಡುವುದು ಮೂಗಿನಿಂದಲೇ. ಬಾಯಿಂದ ಚೆನ್ನಾಗಿ ಗಾಳಿ ಹೋಗುವುದು ಅಳುವಾಗ. ಮೊಲೆ ಬಾಯಲ್ಲಿದ್ದರೆ ಅದೂ ಇಲ್ಲ. ಅಜ್ಜಿಯ ಬತ್ತಿಗೆ ಏನೂ ಅಂಟದಿದ್ದದ್ದು ಇದಕ್ಕೇ ಇರಬೇಕು. ಮೂಗನ್ನು ಮುಚ್ಚಿದ್ದು ಬರೀ ಸಿಂಬಳವಲ್ಲ, ಊದಿದ ಒಳಪದರ.

ಇದು ಯಾರಿಗೂ ಗೊತ್ತಿರಲಿಲ್ಲವೇ? ಗೊತ್ತಿತ್ತು. ಹೆರಿಗೆಗೆ ಮುಂಚೆ ರೆಸರ್ಪಿನ್ ತೆಗೆದುಕೊಂಡ ತಾಯಂದಿರ ಕೂಸುಗಳಿಗೆ ಮೂಗು ಕಟ್ಟುವುದು, ಮಂಪರು, ಹಾಲು ಕುಡಿಯದಿರುವುದು ಆಗುತ್ತದೆಂದು ಅಮೆರಿಕದ ಬಡ್ನಿಕ್ ಮತ್ತು ಜೊತೆಯವರು ಮಕ್ಕಳ ವೈದ್ಯರ ಪತ್ರಿಕೆಯಲ್ಲಿ ಬರೆದದ್ದು 1955ರಲ್ಲಿ. ನನ್ನ ತಮ್ಮ ಹುಟ್ಟಿದ್ದು ಅದಾದ ಎಂಟು ವರ್ಷಕ್ಕೆ. ಮಾತ್ರೆ ಅಷ್ಟರಲ್ಲಿ ಹೊಳೆನರಸೀಪುರದ ಅಂಗಡಿಯ ಗಾಜಿನ ಬೀರುವಿಗೆ ಬಂದಿತ್ತು, ಆ ಪತ್ರಿಕೆ ಬಂದಿರಲಿಲ್ಲ.

ತಮ್ಮ ಸತ್ತದ್ದು ಆ ಮಾತ್ರೆಯಿಂದಲೇ ಎಂದು ನಾನು ಪ್ರಮಾಣ ಮಾಡಿ ಹೇಳಲಾರೆ. ನಂಜಿನ ತಾಯಿಯ ಕೂಸಿಗೆ ಬೇರೆ ತೊಂದರೆಗಳೂ ಇರುತ್ತವೆ. ಕಾಗದದ ಚೂರೊಂದನ್ನು ಹಿಡಿದು ಮೂವತ್ತೈದು ವರ್ಷದ ಹಿಂದಿನ ಸಾವಿಗೆ ಕಾರಣ ಬರೆಯುವುದು ಸುಲಭವಲ್ಲ ಎಂದು ಗೆಳತಿಯೂ ಎಚ್ಚರಿಸಿದಳು. ಆದರೂ ಆ ವಾರವೇ ಊರಿಗೆ ಹೋಗಿ ಅಮ್ಮನಿಗೆ ಎಲ್ಲ ಹೇಳಿದೆ. ಅಕ್ಕಿ ಆರಿಸುತ್ತ ಕೂತಿದ್ದಳು. ಮೊರದಿಂದ ಕಣ್ಣೆತ್ತದೆ ಕೇಳಿಸಿಕೊಂಡಳು. ಕೊನೆಗೆ, "ಹಂಗಾದ್ರೆ ಮೊಸರಲ್ವಾ?" ಅಂದಳು.

"ಮೊಸರಲ್ಲ ಕಣಮ್ಮ. ಹೊಳೆನೂ ಅಲ್ಲ."

ಅವಳು ಮತ್ತೆ ಕಲ್ಲು ಆರಿಸತೊಡಗಿದಳು. ರಾತ್ರಿ ಊಟಕ್ಕೆ ಮೊಸರಿನ ಪಾತ್ರೆ ಅವಳ ಮುಂದಿಟ್ಟೆ. ಬಳಸಲಿಲ್ಲ. ಅಭ್ಯಾಸ ತಪ್ಪಿಹೋಗಿದೆ ಎಂದಳು.

ಈ ಕತೆಯನ್ನು ಇಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಿದ್ದೇ ನನ್ನ ತಪ್ಪಾಯಿತು. ಹಾಸನದಲ್ಲಿ ನಮ್ಮ ಬೀದಿಗೆ ಹೂ ತರುತ್ತಿದ್ದ ಹುಡುಗಿಯೊಬ್ಬಳಿದ್ದಳು. 2004ರಲ್ಲಿ ಅವಳು ತುಂಬು ಬಸುರಿ, ಎರಡನೆಯದು. ಜಗಲಿಯ ಮೇಲೆ ಕೂತು ಸುಧಾರಿಸಿಕೊಳ್ಳುತ್ತಿದ್ದಳು. ಅಕ್ಕಪಕ್ಕದ ಹೆಂಗಸರ ಮುಂದೆ ನಾನು ನಮ್ಮಮ್ಮನ ಕತೆ ಹೇಳಿದೆ, ಹೇಳುವಾಗ ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ: ಹಳೆಯ ಚೀಟಿ, ಸರ್ಪಗಂಧ, ಕಟ್ಟಿದ ಮೂಗು. ಅವಳು ಹೂ ಅಳೆಯುವುದನ್ನು ಬಿಟ್ಟು ಕೇಳಿಸಿಕೊಂಡಳು. ಅವಳಿಗೂ ಬಿ.ಪಿ. ಇದೆ, ಅವಳೂ ಮಾತ್ರೆ ನುಂಗುತ್ತಿದ್ದಾಳೆ ಎಂಬುದು ನನಗೆ ಗೊತ್ತಿರಲಿಲ್ಲ. ಕೇಳಲೂ ಇಲ್ಲ. ಆ ದಿನದಿಂದ ಅವಳು ಮಾತ್ರೆ ನಿಲ್ಲಿಸಿದಳಂತೆ. ಹತ್ತು ಹನ್ನೆರಡು ದಿನಕ್ಕೆ ರಾತ್ರಿ ಫಿಟ್ಸ್ ಬಂತು. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಮಗು ಹೊಟ್ಟೆಯಲ್ಲೇ ಹೋಗಿತ್ತು. ತಾಯಿ ಉಳಿದಳು. ಒಂದು ವಾರ ಕಣ್ಣು ಮಂಜಾಗಿತ್ತು.

ಅವಳ ಗಂಡ ಆ ಮಾತ್ರೆಯ ಪಟ್ಟಿಯನ್ನು ತಂದು ನನಗೆ ತೋರಿಸಿದ. ಬೈಯಲಿಲ್ಲ, "ಇದು ಅದೇನಾ ಮೇಡಂ?" ಎಂದು ಕೇಳಿದ ಅಷ್ಟೆ. ಅದು ರೆಸರ್ಪಿನ್ ಅಲ್ಲ. ಮಿಥೈಲ್‌ಡೋಪಾ. ಬಸುರಿಯರಿಗೆ ಕೊಡುವ ಬಿ.ಪಿ. ಮಾತ್ರೆಗಳಲ್ಲಿ ಅತಿ ಹೆಚ್ಚು ಕಾಲ ಪರೀಕ್ಷೆಗೆ ಒಳಪಟ್ಟದ್ದು ಅದೇ. ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ರೆಡ್‌ಮನ್ ಮತ್ತು ಸಂಗಡಿಗರು ಬಸುರಿಯರಲ್ಲಿ ಕೆಲವರಿಗೆ ಅದನ್ನು ಕೊಟ್ಟು, ಕೆಲವರಿಗೆ ಕೊಡದೆ ಹೋಲಿಸಿ 1976ರಲ್ಲಿ ವರದಿ ಮಾಡಿದರು. ಅಷ್ಟಕ್ಕೇ ಬಿಡಲಿಲ್ಲ. ಹುಟ್ಟಿದ ಮಕ್ಕಳನ್ನು ಏಳೂವರೆ ವರ್ಷದವರೆಗೆ ಹಿಂಬಾಲಿಸಿ, ಅವರ ಬೆಳವಣಿಗೆ, ಬುದ್ಧಿ ಎಲ್ಲವನ್ನೂ ಪರೀಕ್ಷಿಸಿ, ಮಾತ್ರೆಯಿಂದ ಅವರಿಗೆ ಕೇಡಾಗಿಲ್ಲವೆಂದು 1982ರಲ್ಲಿ ಬರೆದರು. ನಾನು ಅರ್ಧ ಕತೆ ಹೇಳಿದ್ದೆ. ಉಳಿದ ಅರ್ಧವನ್ನು ಓದಿಕೊಂಡದ್ದು ಅವಳ ಮಗು ಹೋದ ಮೇಲೆ.

ಓದಿದಾಗ ಕಂಡದ್ದು ಇದು. ಮಾತ್ರೆಗಳೆಲ್ಲ ಒಂದೇ ಜಾತಿಯಲ್ಲ. ಪ್ರತಿಯೊಂದಕ್ಕೂ ಅದರದೇ ಕತೆಯಿದೆ, ಪ್ರತಿ ಕತೆಯಲ್ಲೂ ಎಲ್ಲೋ ಒಂದು ಹಸುಗೂಸಿದೆ. 1950ರ ದಶಕದ ಕೊನೆಯಲ್ಲಿ ಮೂತ್ರ ಹೆಚ್ಚಿಸಿ ಊತ ಇಳಿಸುವ ಮಾತ್ರೆಗಳು ಬಂದವು. ಕಾಲು ಊದಿದ ಬಸುರಿಯರಿಗೆಲ್ಲ ಅವನ್ನು ಕೊಟ್ಟರು. ಕೆಲವು ಕೂಸುಗಳ ರಕ್ತ ಹೆಪ್ಪುಗಟ್ಟಿಸುವ ಕಣಗಳು ಕಡಿಮೆಯಾಗುತ್ತವೆಂದು 1964ರ ಹೊತ್ತಿಗೆ ಗೊತ್ತಾಯಿತು. ಫಿಟ್ಸ್ ಬಂದವರಿಗೆ ಮದರಾಸಿನ ಕೃಷ್ಣ ಮೆನನ್ ಅವರು 1961ರಲ್ಲಿ ಪ್ರಕಟಿಸಿದ ಮೂರು ಔಷಧಿಗಳ ಮಿಶ್ರಣ ನಮ್ಮ ದೇಶದ ಆಸ್ಪತ್ರೆಗಳಲ್ಲಿ ಬಹುಕಾಲ ನಡೆಯಿತು. ತಾಯಿಯನ್ನು ಮಲಗಿಸುವ ಔಷಧಿ ಮಗುವನ್ನೂ ಮಲಗಿಸುವಂಥದ್ದು. ಈಗ ಆ ಜಾಗಕ್ಕೆ ಮೆಗ್ನೀಸಿಯಂ ಸಲ್ಫೇಟ್ ಬಂದಿದೆ. 33 ದೇಶಗಳ ಹತ್ತು ಸಾವಿರಕ್ಕೂ ಹೆಚ್ಚು ತಾಯಂದಿರ ಮೇಲೆ ನಡೆದ ಮ್ಯಾಗ್‌ಪೈ ಪರೀಕ್ಷೆ, ಇದು ಫಿಟ್ಸ್ ಬರುವುದನ್ನು ಅರ್ಧಕ್ಕಿಂತ ಕಡಿಮೆ ಮಾಡುತ್ತದೆಂದು 2002ರಲ್ಲಿ ತೋರಿಸಿತು. ಇದಕ್ಕೂ ಕೂಸು ಸ್ವಲ್ಪ ಹೊತ್ತು ಮೆತ್ತಗಿರಬಹುದು. ಮಕ್ಕಳ ಡಾಕ್ಟರಿಗೆ ಮೊದಲೇ ತಿಳಿಸಿರುತ್ತಾರೆ.

ಅಟೆನೊಲಾಲ್ ಎಂಬ ಹೆಸರನ್ನು ನಿಮ್ಮ ಮನೆಯ ಹಿರಿಯರ ಮಾತ್ರೆ ಡಬ್ಬಿಯಲ್ಲಿ ನೋಡಿರುತ್ತೀರಿ. 1990ರಲ್ಲಿ ಗ್ಲಾಸ್ಗೋದಲ್ಲಿ ಬಸುರಿಯರಲ್ಲಿ ಕೆಲವರಿಗೆ ಇದನ್ನು ಕೊಟ್ಟು ನೋಡಿದಾಗ, ಅವರ ಮಕ್ಕಳ ಸರಾಸರಿ ತೂಕ ಹುಸಿಮಾತ್ರೆ ತೆಗೆದುಕೊಂಡವರ ಮಕ್ಕಳಿಗಿಂತ ಸುಮಾರು 900 ಗ್ರಾಂ ಕಡಿಮೆಯಿತ್ತು. ಚಿಕ್ಕ ಪರೀಕ್ಷೆ, ನಿಜ. ಆದರೆ ಒಂದು ಕಿಲೋದಷ್ಟು ವ್ಯತ್ಯಾಸವನ್ನು ಯಾವ ತಾಯಿ ತಳ್ಳಿಹಾಕುತ್ತಾಳೆ?

ಎಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಬೆಚ್ಚಿಬೀಳಿಸಿದ್ದು ಇನ್ನೊಂದು ಕತೆ. ಅದರಲ್ಲೂ ಹಾವಿದೆ. ಬಸುರಿಯ ನೆರಳು ಬಿದ್ದರೆ ಹಾವಿಗೆ ಕಣ್ಣು ಕಾಣುವುದಿಲ್ಲ, ಅದು ಅವಳನ್ನು ಕಚ್ಚುವುದಿಲ್ಲ ಎಂದು ಅಜ್ಜಿ ಹೇಳುತ್ತಿದ್ದಳು. ಈ ಹಾವಿನ ವಿಷಯದಲ್ಲಿ ಅಜ್ಜಿಯ ಮಾತು ನಡೆಯಲಿಲ್ಲ. ಬ್ರೆಜಿಲ್ ದೇಶದಲ್ಲಿ ಜರರಾಕ ಎಂಬ ಮಂಡಲ ಜಾತಿಯ ಹಾವಿದೆ. ಅದು ಕಚ್ಚಿದರೆ ಒತ್ತಡ ಕುಸಿಯುತ್ತದೆ. ಏಕೆಂದು ಹುಡುಕುತ್ತ ಹೋದ ಅಲ್ಲಿನ ವಿಜ್ಞಾನಿ ಸೆರ್ಜಿಯೊ ಫೆರೇರಾ 1960ರ ದಶಕದಲ್ಲಿ ವಿಷದಲ್ಲಿದ್ದ ಒಂದು ಅಂಶವನ್ನು ಗುರುತಿಸಿದರು. ಆ ಸುಳಿವು ಹಿಡಿದು ಅಮೆರಿಕದಲ್ಲಿ ಓಂಡೆಟ್ಟಿ ಮತ್ತು ಕುಶ್‌ಮನ್ ಕ್ಯಾಪ್ಟೊಪ್ರಿಲ್ ಎಂಬ ಮಾತ್ರೆಯನ್ನು ರೂಪಿಸಿದರು. 1981ರಲ್ಲಿ ಅದಕ್ಕೆ ಅಲ್ಲಿ ಅನುಮತಿ ಸಿಕ್ಕಿತು. ಒಳ್ಳೆಯ ಮಾತ್ರೆ, ಲಕ್ಷಾಂತರ ಜನರ ಹೃದಯವನ್ನೂ ಮೂತ್ರಪಿಂಡವನ್ನೂ ಕಾಪಾಡಿದೆ. ಬಸುರಿಯರ ಮಟ್ಟಿಗೆ ಮಾತ್ರ ಬೇರೆ ಮಾತು. ಗಬ್ಬದ ಮೊಲ ಮತ್ತು ಕುರಿಗಳಿಗೆ ಕೊಟ್ಟಾಗ ಮರಿಗಳು ಸತ್ತವೆಂದು 1980ರಲ್ಲೇ ವೈದ್ಯರು ಬರೆದಿದ್ದರು. 1981ರಲ್ಲಿ ಮನುಷ್ಯರ ಕೂಸುಗಳ ವರದಿಗಳು ಬರತೊಡಗಿದವು. ಹುಟ್ಟಿ ದಿನಗಳಾದರೂ ಉಚ್ಚೆಯನ್ನೇ ಹೊಯ್ಯದ ಕೂಸು.

ಏಕೆ ಹೀಗಾಗುತ್ತದೆ ಎಂದು ಹೇಳಬೇಕು, ಏಕೆಂದರೆ ಇದು ಗೊತ್ತಾದ ಮೇಲೆ ಮರೆಯುವಂಥದ್ದಲ್ಲ. ಬಸಿರಿನ ಉತ್ತರಾರ್ಧದಲ್ಲಿ ಮಗು ತೇಲುವ ನೀರು ಬಹುಪಾಲು ಅದರದೇ ಉಚ್ಚೆ. ಕುಡಿಯುತ್ತದೆ, ಹೊಯ್ಯುತ್ತದೆ. ಆ ನೀರು ಎದೆಯೊಳಗೆ ಹೋಗಿ ಬಂದರೇ ಶ್ವಾಸಕೋಶ ಬೆಳೆಯುವುದು. ಅದು ಇದ್ದರೇ ಕೈಕಾಲು ಆಡಲು ಜಾಗ. ಮಗುವಿನ ಮೂತ್ರಪಿಂಡ ಕೆಲಸ ಮಾಡಲು ರಕ್ತನಾಳಗಳನ್ನು ಬಿಗಿಹಿಡಿಯುವ ಒಂದು ರಸ ಬೇಕು. ಕ್ಯಾಪ್ಟೊಪ್ರಿಲ್ ಜಾತಿಯ ಮಾತ್ರೆ ತಡೆಯುವುದು ಸರಿಯಾಗಿ ಅದನ್ನೇ. ಮೂತ್ರಪಿಂಡ ಸೋಲುತ್ತದೆ, ನೀರು ಬತ್ತುತ್ತದೆ, ಶ್ವಾಸಕೋಶ ಕುಗ್ಗುತ್ತದೆ, ತಲೆಬುರುಡೆಯ ಮೂಳೆ ಕೂಡ ತುಂಬಿಕೊಳ್ಳುವುದಿಲ್ಲ. ಬಸಿರಿನ ನಾಲ್ಕನೇ ತಿಂಗಳಿನಿಂದ ಆಚೆ ಇದನ್ನು ಕೊಡಬಾರದೆಂದು ಅಮೆರಿಕದ ಔಷಧ ಇಲಾಖೆ ಎಚ್ಚರಿಕೆ ಕೊಟ್ಟದ್ದು 1992ರಲ್ಲಿ. ಮೊದಲ ವರದಿಯಾಗಿ ಹನ್ನೊಂದು ವರ್ಷಕ್ಕೆ! ಮೊದಲ ಮೂರು ತಿಂಗಳಲ್ಲೂ ಹೃದಯ, ಮೆದುಳಿನ ದೋಷ ಹೆಚ್ಚೆಂದು 2006ರಲ್ಲಿ ಒಂದು ಅಧ್ಯಯನ ಹೇಳಿತು. ಆಮೇಲಿನವು ಅದನ್ನು ಅಷ್ಟು ಗಟ್ಟಿಯಾಗಿ ಒಪ್ಪಿಲ್ಲ. ಆ ಜಗಳ ವೈದ್ಯರಿಗಿರಲಿ. ನಮಗೆ ಬೇಕಾದದ್ದು ಮಾತ್ರೆಯ ಹೆಸರಿನ ಬಾಲ. ಎನಲಪ್ರಿಲ್, ರ‍್ಯಾಮಿಪ್ರಿಲ್ ಎಂದು 'ಪ್ರಿಲ್' ಬಂದರೆ ಈ ಜಾತಿ. ಲೊಸಾರ್ಟಾನ್, ಟೆಲ್ಮಿಸಾರ್ಟಾನ್ ಎಂದು 'ಸಾರ್ಟಾನ್' ಬಂದರೆ ಅದರ ದಾಯಾದಿ, ಅಪಾಯ ಅದೇ.

ಹಿಂದೆ ಬಿ.ಪಿ. ಅಂದರೆ ಮುದುಕರ ಕಾಯಿಲೆ. ಈಗ ಹಾಗಲ್ಲವಲ್ಲ. ಓದು, ಕೆಲಸ ಎಂದು ಮದುವೆ ತಡವಾಗಿ, ಮೂವತ್ತರ ಆಚೆ ಬಸಿರಾಗುವ ಹೆಣ್ಣುಮಕ್ಕಳಲ್ಲಿ ಕೆಲವರು ಆಗಲೇ ಮಾತ್ರೆ ನುಂಗುತ್ತಿರುತ್ತಾರೆ. ಅವರ ಚೀಟಿ ಬರೆಯುವುದು ಹೃದಯದ ಡಾಕ್ಟರು, ಬಸಿರು ನೋಡುವುದು ಹೆರಿಗೆ ಡಾಕ್ಟರು. ನಡುವೆ ಒಂದೂವರೆ ಎರಡು ತಿಂಗಳು ಯಾರಿಗೂ ಹೇಳದ ಗುಟ್ಟು.

ನನ್ನ ತಂಗಿ ಚನ್ನರಾಯಪಟ್ಟಣದಲ್ಲಿದ್ದಾಳೆ. ಅವಳ ಮಗಳಿಗೆ 2016ರಲ್ಲಿ 32 ವರ್ಷ. ಸ್ಕೂಲಿನಲ್ಲಿ ಟೀಚರು. ಎರಡು ವರ್ಷದಿಂದ ಬಿ.ಪಿ. ಒಂದು ಸಂಜೆ ಫೋನು ಮಾಡಿ, "ದೊಡ್ಡಮ್ಮ, ಯಾರಿಗೂ ಹೇಳ್ಬೇಡಿ" ಎಂದು ಶುರುಮಾಡಿದಳು. ಒಂದೂವರೆ ತಿಂಗಳು. ನಾನು ಖುಷಿಯ ಮಾತು ಆಡುವ ಮೊದಲೇ ಮಾತ್ರೆಯ ಹೆಸರು ಕೇಳಿಬಿಟ್ಟೆ. ಅವಳಿಗೆ ಬೇಜಾರಾಗಿರಬೇಕು. ಎದ್ದು ಹೋಗಿ ಪಟ್ಟಿ ತಂದು ಓದಿದಳು. ಸಾರ್ಟಾನ್ ಬಾಲವಿತ್ತು.

ಹೂವಿನ ಹುಡುಗಿ ನೆನಪಾದಳು. "ಹೆದರ್ಕೋಬೇಡ. ನೀನಾಗೇ ಬಿಟ್ಟು ಸುಮ್ನೆ ಕೂರೋದೂ ಬೇಡ. ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಬಾ, ಹಾಸನದಲ್ಲಿ ಡಾಕ್ಟರನ್ನ ನೋಡೋಣ. ಪಟ್ಟಿ ತಗೊಂಡು ಬಾ" ಎಂದೆ. ನನ್ನ ಗೆಳತಿ ಪಟ್ಟಿ ನೋಡಿ, ಆ ದಿನದಿಂದಲೇ ಅದನ್ನು ನಿಲ್ಲಿಸಿ ಲ್ಯಾಬೆಟಲಾಲ್ ಬರೆದಳು. ಬಿಡುವುದಲ್ಲ, ಬದಲಿಸುವುದು. ಈ ಎರಡರ ನಡುವಿನ ಅಂತರ ನನಗೆ ಗೊತ್ತಾಗಲು ಒಂದು ಮಗು ಹೋಗಬೇಕಾಯಿತು. ಪ್ರತಿ ಸಲವೂ ತಾಯಿ ಕಾರ್ಡಿನಲ್ಲಿ ಒತ್ತಡ ಬರೆದರು. ಏಳನೇ ತಿಂಗಳಲ್ಲಿ ಏರಿತು, ನಿಫೆಡಿಪಿನ್ ಸೇರಿಸಿದರು.

ಆ ದಿನಗಳಲ್ಲೇ ನಮ್ಮ ರಾಜ್ಯದ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ಒಂದು ದೊಡ್ಡ ಪ್ರಯೋಗ ನಡೆಯುತ್ತಿತ್ತು. ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನವರು ಕೆನಡಾದ ವೈದ್ಯರ ಜೊತೆ ಸೇರಿ 2014ರಿಂದ 2016ರವರೆಗೆ ನಡೆಸಿದ್ದು. ಆಶಾ ಕಾರ್ಯಕರ್ತೆಯರು, ನರ್ಸಮ್ಮಂದಿರು ಬಸುರಿಯರ ಮನೆಗೇ ಹೋಗಿ ಒತ್ತಡ ಅಳೆದು, ಮಿತಿಮೀರಿದ್ದರೆ ಅಲ್ಲೇ 750 ಮಿಲಿಗ್ರಾಂ ಮಿಥೈಲ್‌ಡೋಪಾ ನುಂಗಿಸಿ ಆಸ್ಪತ್ರೆಗೆ ಕಳಿಸುವುದು. ಒಟ್ಟಾರೆ ಲೆಕ್ಕದಲ್ಲಿ ತಾಯಿ, ಶಿಶುಗಳ ಸಾವು ನೋವು ನಿರೀಕ್ಷಿಸಿದಷ್ಟು ಇಳಿಯಲಿಲ್ಲ. ಆದರೆ ಹೂವಿನ ಹುಡುಗಿಯ ಬಾಗಿಲಿಗೆ ಅಂಥವಳೊಬ್ಬಳು ಪಟ್ಟಿ ಹಿಡಿದು ಬಂದಿದ್ದರೆ ಎಂದು ನನಗೆ ಅನ್ನಿಸದೆ ಇರಲಿಲ್ಲ. ಆಮೇಲೆ 2019ರಲ್ಲಿ ನಾಗಪುರದ ಎರಡು ಸರಕಾರಿ ಆಸ್ಪತ್ರೆಗಳ ಪರೀಕ್ಷೆಯೊಂದು ಪ್ರಕಟವಾಯಿತು. ಸುಮಾರು ಒಂಬೈನೂರು ಬಸುರಿಯರಿಗೆ ಇವೇ ಮೂರು ಮಾತ್ರೆಗಳನ್ನು, ನಿಫೆಡಿಪಿನ್, ಲ್ಯಾಬೆಟಲಾಲ್, ಮಿಥೈಲ್‌ಡೋಪಾ, ಬಾಯಿಂದ ಕೊಟ್ಟು ನೋಡಿದಾಗ ಮೂರೂ ಬಹುಪಾಲು ಮಂದಿಯ ಒತ್ತಡ ಇಳಿಸಿದವು.

ಮೂವತ್ತೇಳನೇ ವಾರಕ್ಕೆ ಹೆರಿಗೆಯಾಯಿತು. ಹೆಣ್ಣು. 2 ಕಿಲೋ 300 ಗ್ರಾಂ. ಲ್ಯಾಬೆಟಲಾಲ್ ಕೂಡ ಮಗುವಿಗೆ ದಾಟುತ್ತದೆ. ಎದೆಬಡಿತ ನಿಧಾನವಾಗಬಹುದು, ರಕ್ತದ ಸಕ್ಕರೆ ಇಳಿಯಬಹುದು. ಅದಕ್ಕೇ ಕೆಲವು ಗಂಟೆಗೊಮ್ಮೆ ನರ್ಸು ಬಂದು ಕೂಸಿನ ಹಿಮ್ಮಡಿ ಚುಚ್ಚಿ ಒಂದು ಹನಿ ರಕ್ತ ತೆಗೆಯುತ್ತಿದ್ದಳು. ಒಂದು ಸಲ ಸಕ್ಕರೆ ಕಡಿಮೆ ಬಂತು. ಹಾಲು ಹಿಂಡಿ ಒಳಲೆಯಲ್ಲಿ ಕುಡಿಸಿದರು. ಬಾಣಂತಿ ಅಳುತ್ತಿದ್ದಳು: ತಾನು ನುಂಗಿದ ಮಾತ್ರೆಯಿಂದ ಕೂಸಿಗೆ ಸೂಜಿ. ನಾನು ಅವಳಿಗೆ ಕತೆಯನ್ನು ಹೇಳಿದೆ, ಈ ಸಲ ಪೂರ್ತಿಯಾಗಿ.

ಮರುದಿನ ಅಮ್ಮ ಬಂದಳು. ಎಪ್ಪತ್ತಾರು ವರ್ಷ ಆಗ ಅವಳಿಗೆ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದರೂ ಕೂರಲಿಲ್ಲ. ಬಾಗಿ, ಬೆರಳ ಹಿಂಬದಿ ಹಿಡಿದು ಬಹಳ ಹೊತ್ತು ನಿಂತಳು.

"ಎರಡೂ ಹೊಳ್ಳೆ ಆಡ್ತಾವೆ" ಅಂದಳು. ಆಮೇಲೆ ಹಿಮ್ಮಡಿಯ ಮೇಲಿನ ಕೆಂಪು ಚುಕ್ಕೆಗಳನ್ನು ಎಣಿಸಿ, ನರ್ಸಿನ ಕಡೆ ತಿರುಗಿ ಕೇಳಿದಳು: "ಇನ್ನೆಷ್ಟು ಸಲ ಚುಚ್ಚಬೇಕವ್ವ?"

"ಇನ್ನೆರಡೇ ಸಲ ಅಜ್ಜಿ."

"ಚುಚ್ಚು. ಬಿಡಬೇಡ" ಎಂದು ಕುರ್ಚಿ ಎಳೆದುಕೊಂಡು ಕೂತಳು.